ಜಮಖಂಡಿಯ ವಕೀಲರು

ಸದ್ಭಕ್ತರೇ, ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಿಮ್ಮಲ್ಲಿ ಬಹಳ ಜನ ಅನುಭವಿಸಿಯೇ ಬಲ್ಲಿರಿ. ಅಣ್ಣತಮ್ಮಂದಿರ ಹೊಲದ ಬದುವಿನ ಜಗಳ ತಾಲೂಕಾ ಕೋರ್ಟಿನಿಂದ ಜಿಲ್ಲಾ ಕೋರ್ಟಿಗೆ, ಜಿಲ್ಲಾ ಕೋರ್ಟಿನಿಂದ ಹೈಕೋರ್ಟಿಗೆ ಹೋಗಿ, ಬದುವಿನ ಬೆಲೆಗಿಂತ ಸ್ಟ್ಯಾಂಪಿನ ಬೆಲೆಯೇ ಹೆಚ್ಚಾದದ್ದನ್ನು ನಾವು ಈ ಮಠದ ಕಟ್ಟೆಯ ಮೇಲೆ ಕುಳಿತು ಎಷ್ಟು ಸಲ ಕೇಳಿದ್ದೇವೆ! ಅದರಿಂದ ವಕೀಲರೆಂದರೆ ನಮ್ಮ ಜನಕ್ಕೆ ಒಂದು ಬಗೆಯ ಅಂಜಿಕೆ. ರಾಜಕಾರಣಿಯೆಂದರಂತೂ ಅಂಜಿಕೆಯ ಜೊತೆಗೆ ಸಂಶಯವೂ ಉಂಟು. ವಕೀಲರೂ ರಾಜಕಾರಣಿಯೂ ಒಬ್ಬರೇ ಆಗಿದ್ದರೆ ಹೇಳುವುದೇ ಬೇಡ. ಆದರೂ ಈ ಸಾಯಂಕಾಲ ನಾವು ಅಂಥವರೊಬ್ಬರ ಚರಿತ್ರೆಯನ್ನೇ ಹೇಳಬೇಕೆಂದಿದ್ದೇವೆ. ಅವರು ಶ್ರೀ ಬಸಪ್ಪ ದಾನಪ್ಪ ಜತ್ತಿಯವರು.

ಹೆಸರು ಕೇಳದವರು ನಿಮ್ಮಲ್ಲಿ ಯಾರೂ ಇರಲಾರರು. ಆದರೆ ಹೆಸರು ಕೇಳುವುದು ಬೇರೆ, ಬದುಕನ್ನು ತಿಳಿಯುವುದು ಬೇರೆ. ಬಸವ ಸಮಿತಿಯನ್ನು ಸ್ಥಾಪಿಸಿದವರು, ರಾಷ್ಟ್ರಪತಿಯ ಕುರ್ಚಿಯಲ್ಲಿ ಕೆಲಕಾಲ ಕುಳಿತವರು ಎಂದು ಎರಡು ಮಾತು ಹೇಳಿ ನಾವು ಮುಂದೆ ಸಾಗಿಬಿಡುತ್ತೇವೆ. ಆ ಕುರ್ಚಿಯಲ್ಲಿ ಕುಳಿತಾಗ ಅವರ ಮುಂದೆ ಬಂದ ಒಂದು ಕಾಗದದ ಕಥೆಯನ್ನು ಹೇಳುವುದೇ ಇಂದು ನಮ್ಮ ಉದ್ದೇಶ. ಆದರೆ ಕಾಗದದ ಕಥೆ ತಿಳಿಯಬೇಕಾದರೆ ಕೈಯ ಕಥೆಯನ್ನು ಮೊದಲು ತಿಳಿಯಬೇಕು.

ಅವರು ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು, ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ. ಗೋಕಾಕ ತಾಲೂಕಿನಲ್ಲಿಯೂ ಒಂದು ಸಾವಳಗಿ ಇದೆ. ಅದು ಬೇರೆ, ಇದು ಬೇರೆ. ತಂದೆ ದಾನಪ್ಪನವರದು ಸಣ್ಣ ಕಿರಾಣಿ ವ್ಯಾಪಾರ. ಮನೆತನದಲ್ಲಿ ಜಹಗೀರಿಲ್ಲ, ದೇಸಗತಿಯಿಲ್ಲ. ತಕ್ಕಡಿಯ ಮನೆ. ಆಗ ಜಮಖಂಡಿ ಪಟವರ್ಧನರ ಸಂಸ್ಥಾನ. ದರಬಾರಿನ ಭಾಷೆ ಮರಾಠಿ, ಓಣಿಯ ಭಾಷೆ ಕನ್ನಡ. ಹುಡುಗ ಮ್ಯಾಟ್ರಿಕ್ ಮುಗಿಸಿ, ಕೊಲ್ಲಾಪುರಕ್ಕೆ ಹೋಗಿ ರಾಜಾರಾಮ ಕಾಲೇಜಿನಲ್ಲಿ ಬಿ.ಎ. ಮಾಡಿ, ಅಲ್ಲಿಯ ಸೈಕ್ಸ್ ಲಾ ಕಾಲೇಜಿನಲ್ಲಿ ಕಾಯಿದೆ ಓದಿದರು. ಆ ಕಾಲದಲ್ಲಿ ನಮ್ಮ ಕಡೆಯ ಹುಡುಗರಿಗೆ ಪುಣೆ, ಕೊಲ್ಲಾಪುರ, ಮುಂಬಯಿಗಳೇ ವಿದ್ಯೆಯ ಊರುಗಳು. ಚಿತ್ರದುರ್ಗದ ನಿಜಲಿಂಗಪ್ಪನವರು ಕೂಡ ಕಾಯಿದೆ ಓದಿದ್ದು ಪುಣೆಯಲ್ಲಿ.

ಓದಿ ಬಂದವರು ಜಮಖಂಡಿಯಲ್ಲಿಯೇ ಕರಿ ಕೋಟು ಹಾಕಿದರು. 1940ರಲ್ಲಿ ಮುನಸಿಪಾಲಿಟಿಯ ಸದಸ್ಯರಾದರು. 1945ರಲ್ಲಿ ಅದರ ಅಧ್ಯಕ್ಷರಾದರು. ಮುನಸಿಪಾಲಿಟಿ ಎಂದರೆ ಹಗುರಾಗಿ ತಿಳಿಯಬೇಡಿರಿ. ಚರಂಡಿ, ದೀಪ, ನೀರು, ಸಂತೆಯ ಕಟ್ಟೆ, ಇವುಗಳಲ್ಲಿ ಪಳಗಿದವನಿಗೆ ಜನರ ಸಿಟ್ಟು ಎಲ್ಲಿಂದ ಹುಟ್ಟುತ್ತದೆ ಎಂಬುದು ಗೊತ್ತಾಗುತ್ತದೆ. ದಿಲ್ಲಿಯಲ್ಲಿಯೇ ಕಣ್ಣು ಬಿಟ್ಟವರಿಗೆ ಅದು ಗೊತ್ತಾಗುವುದಿಲ್ಲ. ಮುಂದೆ ಅವರು ಸಂಸ್ಥಾನದ ಶಾಸನಸಭೆಗೆ ಆರಿಸಿಬಂದರು, ಮಂತ್ರಿಯಾದರು, 1948ರಲ್ಲಿ ಸಂಸ್ಥಾನದ ಮುಖ್ಯಮಂತ್ರಿಯೂ ಆದರು. ಜನ ಹಳೆಯ ರೂಢಿಯಂತೆ ದಿವಾನರೆಂದೇ ಅಂದರು. ಕಿರಾಣಿ ಅಂಗಡಿಯ ಮನೆಯ ಹುಡುಗ ಮೂವತ್ತೈದನೆಯ ವಯಸ್ಸಿಗೆ ದಿವಾನನಾಗುವುದು ಸಣ್ಣ ಮಾತೇ?

ಆದರೆ ಆ ದಿವಾನಗಿರಿ ಎಷ್ಟು ದಿನ ಉಳಿಯಿತು? ದೇಶ ಸ್ವತಂತ್ರವಾಗಿತ್ತು. ಸಂಸ್ಥಾನಗಳು ಒಂದೊಂದಾಗಿ ಕರಗುತ್ತಿದ್ದವು. ರಾಜಾ ಶಂಕರರಾವ್ ಪಟವರ್ಧನರೊಂದಿಗೆ ಜತ್ತಿಯವರ ಸಂಬಂಧ ಚೆನ್ನಾಗಿತ್ತು. ಮಾತುಕತೆ ಸೌಜನ್ಯದಿಂದಲೇ ನಡೆದು 1948ರ ಮಾರ್ಚ್ 8ರಂದು ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿಹೋಯಿತು. ರಾಜರ ಗಾದಿಯ ಜೊತೆಗೆ ದಿವಾನರ ಕುರ್ಚಿಯೂ ಹೋಯಿತು. ತಾನು ಕುಳಿತ ಕುರ್ಚಿಯನ್ನು ತೆಗೆದುಹಾಕುವ ಕೆಲಸದಲ್ಲಿ ತಾನೇ ಕೈಹಚ್ಚುವುದು, ಇದು ಅವರ ಬದುಕಿನಲ್ಲಿ ಮೊದಲನೆಯ ಸಲ. ಮರಳಿ ಬಂದು ಏನು ಮಾಡಿದರು? ಕರಿ ಕೋಟನ್ನು ಝಾಡಿಸಿ ಮತ್ತೆ ಹಾಕಿಕೊಂಡು ವಕೀಲಿ ಮಾಡಿದರು, ಇಪ್ಪತ್ತು ತಿಂಗಳು. ನಿನ್ನೆ ದಿವಾನರಾಗಿದ್ದವರು ಇಂದು ಕಕ್ಷಿದಾರನ ಜೊತೆಗೆ ಕೋರ್ಟಿನ ಪಡಸಾಲೆಯಲ್ಲಿ ಪಾಳಿಗಾಗಿ ಕಾಯುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಹಿಂದೊಮ್ಮೆ ಗ್ರಾಮಪಂಚಾಯತಿಯ ಚೇರಮನ್ನರಾಗಿದ್ದವರು ಇಂದಿಗೂ ಮಠದ ಪಂಕ್ತಿಯಲ್ಲಿ ಮೊದಲನೆಯ ಎಲೆಗಾಗಿ ಮುಖ ಬಿಗಿಯುವುದನ್ನು ನಾವು ಕಂಡಿದ್ದೇವೆ. ಯಾರೆಂದು ಹೇಳುವುದಿಲ್ಲ, ಹೆದರಬೇಡಿರಿ.

ಆಮೇಲೆ ವಿಲೀನವಾದ ಪ್ರದೇಶದ ಪ್ರತಿನಿಧಿಯಾಗಿ ಅವರನ್ನು ಮುಂಬಯಿ ಶಾಸನಸಭೆಗೆ ನಾಮಕರಣ ಮಾಡಿದರು. ಒಂದು ವಾರದೊಳಗೆ ಮುಖ್ಯಮಂತ್ರಿ ಬಾಳಾಸಾಹೇಬ ಖೇರರಿಗೆ ಪಾರ್ಲಿಮೆಂಟರಿ ಸೆಕ್ರೆಟರಿಯಾದರು. 1952ರ ಚುನಾವಣೆಯ ನಂತರ ಮೊರಾರ್ಜಿ ದೇಸಾಯಿಯವರು ಮುಂಬಯಿಯ ಮುಖ್ಯಮಂತ್ರಿಗಳಾದಾಗ ಅವರ ಸರಕಾರದಲ್ಲಿ ಜತ್ತಿಯವರು ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿಗಳು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿರಿ. ಮೊರಾರ್ಜಿಯವರು ಮೇಲೆ, ಜತ್ತಿಯವರು ಕೆಳಗೆ. ಇಪ್ಪತ್ತೈದು ವರ್ಷಗಳ ಮೇಲೆ ಈ ಇಬ್ಬರೂ ಎದುರುಬದುರು ನಿಲ್ಲುವವರಿದ್ದಾರೆ.

1956ರ ನವೆಂಬರ್ 1ರಂದು ಬಿಜಾಪುರ, ಧಾರವಾಡ, ಬೆಳಗಾವಿ, ಕಾರವಾರ ಜಿಲ್ಲೆಗಳು ಮುಂಬಯಿಯನ್ನು ಬಿಟ್ಟು ವಿಶಾಲ ಮೈಸೂರಿನಲ್ಲಿ ಕೂಡಿದವು. ಹೈದರಾಬಾದಿನಿಂದ, ಮದರಾಸಿನಿಂದ ಬಂದ ಭಾಗಗಳು, ಕೊಡಗು, ಹಳೆಯ ಮೈಸೂರು, ಹೀಗೆ ಐದು ಆಡಳಿತಗಳ ಜನ ಒಂದೇ ಮನೆಗೆ ಬಂದರು. ಜನ ಕೂಡಿದರು, ಸರಿ, ಕಾಯಿದೆಗಳು ಕೂಡಬೇಡವೇ? ಮುಂಬಯಿ ಭಾಗದ ಗೇಣಿದಾರನಿಗೆ 1948ರ ಒಂದು ಕಾಯಿದೆ, ಹೈದರಾಬಾದ್ ಭಾಗದವನಿಗೆ 1950ರ ಇನ್ನೊಂದು, ಹಳೆಯ ಮೈಸೂರಿನವನಿಗೆ 1952ರ ಮತ್ತೊಂದು. ಒಂದೇ ರಾಜ್ಯದಲ್ಲಿ ಒಬ್ಬ ರೈತನನ್ನು ಎಬ್ಬಿಸಲು ಬರುವುದಿಲ್ಲ, ಹೊಳೆಯ ಆಚೆಯವನನ್ನು ನಾಳೆಯೇ ಎಬ್ಬಿಸಬಹುದು! ಇದನ್ನೆಲ್ಲ ಒಂದು ಹದಕ್ಕೆ ತರಲು ನೇಮಿಸಿದ ಸಮಿತಿಗೆ ಜತ್ತಿಯವರು ಅಧ್ಯಕ್ಷರಾದರು. ಜತ್ತಿ ಕಮಿಟಿ ಎಂದೇ ಅದು ಹೆಸರಾಯಿತು.

1958ರಲ್ಲಿ ನಿಜಲಿಂಗಪ್ಪನವರು ಮುಖ್ಯಮಂತ್ರಿ ಪದವಿಯಿಂದ ಇಳಿದಾಗ, ಟಿ. ಸುಬ್ರಹ್ಮಣ್ಯಂ, ಮಾಲಿ ಮರಿಯಪ್ಪನವರಂಥ ಹಿರಿಯರಿದ್ದರೂ, ಪಕ್ಷವು ಜತ್ತಿಯವರನ್ನೇ ನಾಯಕರನ್ನಾಗಿ ಆರಿಸಿತು. ಮೇ 16ರಂದು ಅವರು ಮುಖ್ಯಮಂತ್ರಿಗಳಾದರು, 1962ರ ಮಾರ್ಚಿನ ವರೆಗೆ ಇದ್ದರು. ಆ ಕಾಲದಲ್ಲಿ 1959ರ ಗ್ರಾಮಪಂಚಾಯತಿ ಕಾಯಿದೆ ಬಂತು, ತಾಲೂಕಾ ಬೋರ್ಡುಗಳು ಬಂದವು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಅದೇ 1961ರಲ್ಲಿ, ಕಂದಾಯ ಮಂತ್ರಿಗಳಾದ ಕಡಿದಾಳ ಮಂಜಪ್ಪನವರ ಕೈಯಲ್ಲಿ ಭೂಸುಧಾರಣೆಯ ಕಾಯಿದೆ ರೂಪುಗೊಂಡಿತು. ಮಂಜಪ್ಪನವರೂ ವಕೀಲರೇ, ತೀರ್ಥಹಳ್ಳಿಯ ಕಡೆಯವರು.

ಈ ಭೂಸುಧಾರಣೆಯ ವಿಷಯದಲ್ಲಿ ಎರಡು ಮಾತು ಬಿಚ್ಚಿ ಹೇಳಬೇಕಾಗುತ್ತದೆ. ಆ ಕಾಯಿದೆಯಲ್ಲಿ ಗೇಣಿಯ ಪ್ರಮಾಣವನ್ನು ಫಸಲಿನ ನಾಲ್ಕನೆಯ ಒಂದು ಇಲ್ಲವೆ ಐದನೆಯ ಒಂದು ಪಾಲಿಗೆ ಇಳಿಸಿದರು. ಅರ್ಧ ಪಾಲು ಅಳೆದುಕೊಡುತ್ತಿದ್ದ ರೈತನಿಗೆ ಇದು ದೊಡ್ಡ ಮಾತು. ಒಬ್ಬನ ಹೆಸರಿನಲ್ಲಿ ಇಷ್ಟಕ್ಕಿಂತ ಹೆಚ್ಚು ಭೂಮಿ ಇರಬಾರದೆಂದು ಮಿತಿಯನ್ನೂ ಇಟ್ಟರು. ಆದರೆ ಒಡೆಯನು ಸ್ವಂತ ಸಾಗುವಳಿಗೆಂದು ಭೂಮಿಯನ್ನು ಮರಳಿ ಕೇಳಲು ಬಾಗಿಲು ತೆರೆದೇ ಇತ್ತು. ಮೇಲಾಗಿ 1961ರ ಕಾಯಿದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ! ನಾಲ್ಕು ವರ್ಷದಲ್ಲಿ ಬುದ್ಧಿವಂತ ಒಡೆಯನಿಗೆ ಕಾಗದಪತ್ರ ಸರಿಮಾಡಿಕೊಳ್ಳಲು ಸಮಯ ಸಾಲದೇ? ಉಳುವವನೇ ಒಡೆಯನೆಂಬ ಮಾತು ಖರೆಯಾಗಿ ನಡೆದದ್ದು ದೇವರಾಜ ಅರಸರ ಕಾಲಕ್ಕೆ, 1974ರ ತಿದ್ದುಪಡಿಯಿಂದ. ಹಾಗೆಂದು ಜತ್ತಿಯವರ ಕೆಲಸ ವ್ಯರ್ಥವೇ? ನಮಗೆ ಹಾಗೆನಿಸುವುದಿಲ್ಲ. ಅರಸರು ತಿದ್ದಿದ್ದು ಇದೇ ಕಾಯಿದೆಯನ್ನು. ಆದರೆ ವಕೀಲರ ಕೈ ಇಲ್ಲಿ ಕಾಣುತ್ತದೆ ಎಂದು ಮಾತ್ರ ಹೇಳುತ್ತೇವೆ. ಎರಡೂ ಕಡೆಯವರ ಕೈಫಿಯತ್ತನ್ನು ಕೇಳಿ ನಡುವೆ ಗೆರೆ ಎಳೆಯುವ ಕೈ ಅದು. ನಡುವೆ ಎಳೆದ ಗೆರೆ ಬಡವನ ಕಡೆಗೇ ಜಾರುತ್ತದೆ ಎಂಬುದನ್ನು ಆ ಕೈ ಅಷ್ಟಾಗಿ ಎಣಿಸಲಿಲ್ಲ.

ನಾವು ಇದನ್ನು ಹೇಳುವಾಗ ನಮ್ಮ ಮುಖವನ್ನೂ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. 1974ರ ನಂತರ ನಾಡಿನ ಅನೇಕ ಮಠಮಾನ್ಯಗಳ ಗೇಣಿಯ ಭೂಮಿ ಉಳುವವರ ಹೆಸರಿಗೆ ಹೋಯಿತು. ಆಗ ಮಠಗಳಲ್ಲಿ ನಿಟ್ಟುಸಿರು ಬಿಡದವರು ಕಡಿಮೆ. ದಾಸೋಹ ಹೇಗೆ ನಡೆದೀತು, ಹುಡುಗರ ಪ್ರಸಾದನಿಲಯ ಹೇಗೆ ನಡೆದೀತು ಎಂಬ ಚಿಂತೆ ಸುಳ್ಳಲ್ಲ. ಆದರೆ ಆ ಭೂಮಿಯನ್ನು ಉತ್ತವರು ಯಾರು? ಇಂದು ಈ ಚಪ್ಪರದ ಹಿಂದಿನ ಸಾಲಿನಲ್ಲಿ ಕುಳಿತವರ ಅಜ್ಜಂದಿರೇ ಅಲ್ಲವೇ? ಕಾಯಕವೇ ದೊಡ್ಡದೆಂದು ಹೇಳುವವರು ಕಾಯಕ ಮಾಡಿದವನ ಹೆಸರು ಪಹಣಿಯಲ್ಲಿ ಬಂದಾಗ ಮುಖ ಸಿಂಡರಿಸಿದರೆ ಹೇಗೆ? ಇರಲಿ, ಮುಂದೆ ಹೋಗೋಣ.

1962ರ ಚುನಾವಣೆ ಒಂದು ವಿಚಿತ್ರವನ್ನು ತಂದಿತು. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಎಸ್. ಆರ್. ಕಂಠಿಯವರು ಮೂರು ತಿಂಗಳು ಮುಖ್ಯಮಂತ್ರಿಗಳಾಗಿದ್ದು, ನಿಜಲಿಂಗಪ್ಪನವರು ಮರಳಿ ಆರಿಸಿಬಂದ ಕೂಡಲೇ ಕುರ್ಚಿಯನ್ನು ಬಿಟ್ಟುಕೊಟ್ಟರು. ಕಂಠಿಯವರೂ ನಮ್ಮ ಬಿಜಾಪುರ ಜಿಲ್ಲೆಯ ವಕೀಲರೇ. ಮುಂದೆ ಜುಲೈ 2ರಂದು ಜತ್ತಿಯವರು ಅದೇ ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಹಣಕಾಸಿನ ಮಂತ್ರಿಗಳಾದರು. ನಾಲ್ಕು ವರ್ಷ ಮುಖ್ಯಮಂತ್ರಿಯಾಗಿದ್ದವರು ಅದೇ ಸಭಾಗೃಹದಲ್ಲಿ ಇನ್ನೊಬ್ಬರ ಕೈಕೆಳಗೆ ಕುಳಿತರು. 1967ರ ಚುನಾವಣೆಯ ಮೇಲೆ ಆಹಾರ ಮಂತ್ರಿಗಳಾದರು. ಇದರ ನಡುವೆ, 1964ರಲ್ಲಿ, ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಕಟ್ಟಿದರು. ಅದರ ಕೆಲಸ ನಿಮಗೆ ಗೊತ್ತಿದ್ದದ್ದೇ. ವಚನಗಳನ್ನು ಕನ್ನಡ ಬಾರದವರ ಕೈಗೂ ಮುಟ್ಟಿಸಿದ ಸಂಸ್ಥೆಗಳಲ್ಲಿ ಅದು ಒಂದು.

1968ರಲ್ಲಿ ಪಾಂಡಿಚೇರಿಗೆ ಲೆಫ್ಟಿನೆಂಟ್ ಗವರ್ನರರಾಗಿ ಹೋದರು. 1972ರಲ್ಲಿ ಓರಿಸ್ಸಾಕ್ಕೆ ರಾಜ್ಯಪಾಲರಾದರು. ಓರಿಸ್ಸಾದಲ್ಲಿ 1973ರ ಮಾರ್ಚಿನಲ್ಲಿ ನಂದಿನಿ ಸತ್ಪಥಿಯವರ ಸರಕಾರ ರಾಜೀನಾಮೆ ಕೊಟ್ಟಿತು. ವಿರೋಧ ಪಕ್ಷದ ಬಿಜು ಪಟ್ನಾಯಕರು ಬಹುಮತ ನಮ್ಮ ಕಡೆ ಇದೆ, ನಮ್ಮನ್ನು ಕರೆಯಿರಿ ಎಂದರು. ಜತ್ತಿಯವರು ಕರೆಯಲಿಲ್ಲ. ರಾಷ್ಟ್ರಪತಿ ಆಳಿಕೆಗೆ ಶಿಫಾರಸು ಮಾಡಿದರು. ಸಭೆಯಲ್ಲಿ ತಲೆ ಎಣಿಸದೆ ಹೀಗೆ ಮಾಡಿದ್ದು ಸರಿಯಲ್ಲವೆಂದು ಬಹಳ ಟೀಕೆ ಬಂತು, ಪ್ರಕರಣ ಹೈಕೋರ್ಟಿನ ವರೆಗೂ ಹೋಯಿತು. ಆ ಟೀಕೆಯಲ್ಲಿ ಹುರುಳಿತ್ತೆಂದೇ ನಮ್ಮ ಅಭಿಪ್ರಾಯ. ನಾವು ಒಬ್ಬರ ಗುಣಗಾನಕ್ಕೆ ಕುಳಿತು ಅವರ ತಪ್ಪನ್ನು ಉಡಿಯಲ್ಲಿ ಮುಚ್ಚಿಟ್ಟರೆ ಅದು ಚರಿತ್ರೆಯಾಗುವುದಿಲ್ಲ, ಹೊಗಳುಭಟ್ಟರ ಪದವಾಗುತ್ತದೆ.

1974ರ ಆಗಸ್ಟಿನಲ್ಲಿ ಅವರು ಉಪರಾಷ್ಟ್ರಪತಿಗಳಾದರು. ಉಪರಾಷ್ಟ್ರಪತಿಯೇ ರಾಜ್ಯಸಭೆಯ ಅಧ್ಯಕ್ಷರು. ಹತ್ತು ತಿಂಗಳಲ್ಲಿ ತುರ್ತು ಪರಿಸ್ಥಿತಿ ಬಂತು. ಸದಸ್ಯರು ಅನೇಕರು ಸೆರೆಮನೆಯಲ್ಲಿದ್ದಾಗ ಸಭೆ ನಡೆಯಿತು. 1976ರ ನವೆಂಬರಿನಲ್ಲಿ ರಾಜ್ಯಾಂಗದ 42ನೆಯ ತಿದ್ದುಪಡಿ ಆ ಸಭೆಯಲ್ಲಿಯೂ ಪಾಸಾಯಿತು. ಆ ತಿದ್ದುಪಡಿಯಲ್ಲಿ ಅನೇಕ ಸಂಗತಿಗಳಿದ್ದವು; ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳುತ್ತೇವೆ. ರಾಷ್ಟ್ರಪತಿಯು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯತಕ್ಕದ್ದು ಎಂದು 74ನೆಯ ಕಲಮಿನಲ್ಲಿ ಸ್ಪಷ್ಟವಾಗಿ ಬರೆದರು. ಮೊದಲೂ ರೂಢಿ ಹಾಗೆಯೇ ಇತ್ತು. ಆದರೆ ರೂಢಿಗೆ ಸ್ವಲ್ಪ ಸಡಿಲಿರುತ್ತದೆ, ಬರೆದ ಅಕ್ಷರಕ್ಕೆ ಇರುವುದಿಲ್ಲ. ಅಧ್ಯಕ್ಷರ ಪೀಠದಲ್ಲಿದ್ದ ವಕೀಲರಿಗೆ ಈ ಅಕ್ಷರ ಇನ್ನು ಆರು ತಿಂಗಳಲ್ಲಿ ತನ್ನ ಕೈಯನ್ನೇ ಹಿಡಿದೀತೆಂದು ಹೊಳೆದಿತ್ತೇ?

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡರು. ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಮಾರ್ಚಿನ ಚುನಾವಣೆಯಲ್ಲಿ ಕಾಂಗ್ರೆಸ್ಸು ಸೋತಿತು. ಮಾರ್ಚ್ 21ರಂದು ತುರ್ತು ಪರಿಸ್ಥಿತಿಯನ್ನು ತೆಗೆದುಹಾಕುವ ಕಾಗದಕ್ಕೆ ಸಹಿ ಹಾಕಿದ್ದು ಜತ್ತಿಯವರ ಕೈ. 24ರಂದು ಹೊಸ ಪ್ರಧಾನಮಂತ್ರಿಗಳಿಗೆ ಪ್ರಮಾಣವಚನ ಬೋಧಿಸಿದ್ದೂ ಅವರೇ. ಪ್ರಧಾನಿ ಯಾರು? ಮೊರಾರ್ಜಿ ದೇಸಾಯಿ! ಅಂದು ಮುಂಬಯಿಯಲ್ಲಿ ಉಪಮಂತ್ರಿಯಾಗಿದ್ದವರು ಇಂದು ಪ್ರಮಾಣ ಬೋಧಿಸುವವರು. ಅಂದು ಮುಖ್ಯಮಂತ್ರಿಯಾಗಿದ್ದವರು ಇಂದು ಅದನ್ನು ಸ್ವೀಕರಿಸುವವರು. ಕಾಲವೆಂಬುದು ಹೀಗೆ ಪೀಠಗಳನ್ನು ಅದಲುಬದಲು ಮಾಡುತ್ತದೆ.

ಈಗ ಆ ಕಾಗದದ ವಿಷಯ. ಉತ್ತರ ಪ್ರದೇಶದ 85, ಬಿಹಾರದ 54 ಲೋಕಸಭಾ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ದಕ್ಕಿರಲಿಲ್ಲ. ಆದರೂ ಆ ರಾಜ್ಯಗಳಲ್ಲಿ ಕಾಂಗ್ರೆಸ್ಸಿನ ಸರಕಾರಗಳೇ ಇದ್ದವು. ಜನರ ವಿಶ್ವಾಸ ಹೋಯಿತು, ವಿಧಾನಸಭೆಗಳನ್ನು ವಿಸರ್ಜಿಸಿ ಎಂದು ಗೃಹಮಂತ್ರಿ ಚರಣಸಿಂಗರು ಏಪ್ರಿಲ್ ಮಧ್ಯದಲ್ಲಿ ಒಂಬತ್ತು ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ನಮ್ಮ ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ. ಇಲ್ಲಿ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಬಂದಿದ್ದವು. ಓರಿಸ್ಸಾ ಪಟ್ಟಿಯಲ್ಲಿತ್ತು. ಆರು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಏಳು ನ್ಯಾಯಮೂರ್ತಿಗಳ ಪೀಠ ದಾವೆಯನ್ನು ತಳ್ಳಿಹಾಕಿತು. ಕೂಡಲೇ ಮಂತ್ರಿಮಂಡಲದ ಸಲಹೆ ಜತ್ತಿಯವರ ಮೇಜಿನ ಮೇಲೆ ಬಂತು: ಒಂಬತ್ತು ವಿಧಾನಸಭೆಗಳ ವಿಸರ್ಜನೆ.

ಸಹಿ ಬೀಳಲಿಲ್ಲ. ಆ ರಾತ್ರಿ ಬೀಳಲಿಲ್ಲ, ಮರುದಿನ ಬೆಳಿಗ್ಗೆಯೂ ಬೀಳಲಿಲ್ಲ. ದೇಶವೆಲ್ಲ ತಿರುಗಿ ನೋಡಿತು. ಪಕ್ಷದ ಋಣ ತೀರಿಸುತ್ತಿದ್ದಾರೆ ಎಂದು ಕೆಲವರು ಅಂದರು. ಹೊಸ ರಾಷ್ಟ್ರಪತಿಯ ಚುನಾವಣೆ ಹತ್ತಿರವಿತ್ತು, ಅದರಲ್ಲಿ ಶಾಸಕರಿಗೆ ಮತವಿರುತ್ತದೆ, ಅದರ ಲೆಕ್ಕ ಎಂದು ಇನ್ನು ಕೆಲವರು ಅಂದರು. ಮನುಷ್ಯನ ಮನಸ್ಸಿನೊಳಗೆ ಏನಿತ್ತೆಂದು ನಾವು ಹೇಗೆ ಹೇಳೋಣ? ಆದರೆ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ನೋಡೋಣ. ಲೋಕಸಭೆಯ ಚುನಾವಣೆಯಲ್ಲಿ ಸೋತರೆ, ರಾಜ್ಯದಲ್ಲಿ ಬಹುಮತವಿರುವ ಸರಕಾರವನ್ನು ಅವಧಿ ಮುಗಿಯುವ ಮುನ್ನ ಕಳೆಯಬಹುದೇ? ಸಂಸತ್ತು ಒಪ್ಪುವ ಮೊದಲೇ ಸಭೆಯನ್ನು ವಿಸರ್ಜಿಸಬಹುದೇ? ಕಾಯಿದೆ ಓದಿದವನಿಗೆ ಇಲ್ಲಿ ಕೈ ನಡುಗದಿದ್ದರೆ ಆತನ ಓದೇ ದಂಡ. ಇತ್ತ 74ನೆಯ ಕಲಮು ಮಂತ್ರಿಗಳ ಸಲಹೆಯಂತೆ ನಡೆಯತಕ್ಕದ್ದೆಂದು ಹೇಳುತ್ತದೆ. ಜನರಿಂದ ಆರಿಸಿಬಂದ ಮಂತ್ರಿಗಳ ಮಾತನ್ನು ಹಂಗಾಮಿಯಾಗಿ ಕುಳಿತ ಒಬ್ಬನು ತಡೆದರೆ, ನಾಳೆ ರಾಷ್ಟ್ರಪತಿಭವನವೇ ಎರಡನೆಯ ಸರಕಾರವಾಗುತ್ತದೆ. ಅದೂ ಅಂಜಬೇಕಾದ ಮಾತೇ.

ಮಂತ್ರಿಮಂಡಲ ತನ್ನ ಸಲಹೆಯಲ್ಲಿ ಗಟ್ಟಿಯಾಗಿ ನಿಂತಿತು. ಏಪ್ರಿಲ್ 30ರಂದು ಜತ್ತಿಯವರು ಸಹಿ ಹಾಕಿದರು.

ಒಂದು ದಿನದ ತಡೆ, ಅಷ್ಟೇ. ಪೂರ್ತಿ ತಡೆದಿದ್ದರೆ ವೀರರೆನ್ನುತ್ತಿದ್ದರೋ, ರಾಜ್ಯಾಂಗವನ್ನು ಮುರಿದವರೆನ್ನುತ್ತಿದ್ದರೋ? ತಡೆಯದೆ ಹಾಕಿದ್ದರೆ ರಬ್ಬರ್ ಸ್ಟ್ಯಾಂಪು ಎನ್ನುತ್ತಿದ್ದರು. ತಡೆದು ಹಾಕಿದ್ದಕ್ಕೆ ಎರಡೂ ಕಡೆಯಿಂದ ಬೈಗುಳ ಬಂತು. ನಮಗನಿಸುವುದು ಇಷ್ಟು: ಸಹಿ ಹಾಕಿದ್ದು ಸರಿ, ಆ ಒಂದು ದಿನವೂ ಸರಿ. 1973ರಲ್ಲಿ ಓರಿಸ್ಸಾದಲ್ಲಿ ತೋರದ ಸಂಕೋಚವನ್ನು 1977ರಲ್ಲಿ ತೋರಿದರೆಂದು ಯಾರಾದರೂ ಹಂಗಿಸಿದರೆ ನಮ್ಮಲ್ಲಿ ಉತ್ತರವಿಲ್ಲ.

ಆ ಒಂದು ದಿನದಲ್ಲಿ ಎದ್ದ ಪ್ರಶ್ನೆಗಳು ಸಾಯಲಿಲ್ಲ. 1978ರ 44ನೆಯ ತಿದ್ದುಪಡಿಯಲ್ಲಿ, ರಾಷ್ಟ್ರಪತಿಯು ಸಲಹೆಯನ್ನು ಒಂದು ಸಲ ಮರುವಿಚಾರಕ್ಕೆ ಹಿಂದಿರುಗಿಸಬಹುದು, ಎರಡನೆಯ ಸಲ ಬಂದರೆ ಒಪ್ಪಲೇಬೇಕು ಎಂದು ಬರೆದರು. ಜತ್ತಿಯವರಿಗೆ ಆ ರಾತ್ರಿ ಇಲ್ಲದಿದ್ದ ದಾರಿ ಅದು. ಅದನ್ನು ತಂದದ್ದು ಅದೇ ಮೊರಾರ್ಜಿಯವರ ಸರಕಾರ! 1980ರಲ್ಲಿ ಇಂದಿರಾಗಾಂಧಿಯವರು ಮರಳಿ ಬಂದಾಗ ಜನತಾ ಪಕ್ಷದವರ ಅದೇ ಮಾತನ್ನು ಅವರಿಗೇ ತಿರುಗಿಸಿ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿದರು. 1989ರಲ್ಲಿ ಆ ಬೆಂಕಿ ನಮ್ಮ ಮನೆಗೇ ಬಂತು. ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರನ್ನು ಸಭೆಯಲ್ಲಿ ತಲೆ ಎಣಿಸಲು ಬಿಡದೆ ಇಳಿಸಿದರು. ಬೊಮ್ಮಾಯಿಯವರೂ ಹುಬ್ಬಳ್ಳಿಯ ವಕೀಲರೇ. ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಬಹುಮತವನ್ನು ಸದನದಲ್ಲಿಯೇ ಎಣಿಸಬೇಕು, ಸಂಸತ್ತಿನ ಎರಡೂ ಸಭೆಗಳು ಒಪ್ಪುವ ವರೆಗೆ ವಿಧಾನಸಭೆಯನ್ನು ವಿಸರ್ಜಿಸಬಾರದು ಎಂದರು. ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಬರಲಿಲ್ಲ. ತೀರ್ಪು ಮಾತ್ರ ಉಳಿಯಿತು. ಆಗ ಜತ್ತಿಯವರು ಬದುಕಿದ್ದರು, ವಯಸ್ಸು ಎಂಬತ್ತೊಂದು.

ಮರಳಿ 1977ಕ್ಕೆ ಬರೋಣ. ಜುಲೈ 25ರಂದು ನೀಲಂ ಸಂಜೀವರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾಗಿ ರಾಷ್ಟ್ರಪತಿಗಳಾದರು. ಐದೂವರೆ ತಿಂಗಳು ಆ ದೊಡ್ಡ ಕುರ್ಚಿಯಲ್ಲಿದ್ದವರು ಮತ್ತೆ ರಾಜ್ಯಸಭೆಯ ಪೀಠಕ್ಕೆ ಬಂದು, 1979ರ ಆಗಸ್ಟಿನ ವರೆಗೆ ಇನ್ನೂ ಎರಡು ವರ್ಷ ಉಪರಾಷ್ಟ್ರಪತಿಗಳಾಗಿ ಕೆಲಸ ಮಾಡಿದರು. ಜಮಖಂಡಿಯಲ್ಲಿ ದಿವಾನಗಿರಿ ಹೋದ ಮೇಲೆ ಕೋರ್ಟಿಗೆ ನಡೆದರಲ್ಲ, ಹಾಗೆಯೇ. ಆಮೇಲೆ ಬೆಂಗಳೂರಿಗೆ ಬಂದು ಬಸವ ಸಮಿತಿಯ ಕೆಲಸ ನೋಡಿಕೊಂಡಿದ್ದರು. ತಮ್ಮ ಆತ್ಮಚರಿತ್ರೆಯನ್ನೂ ಬರೆದರು. 2002ರ ಜೂನ್ 7ರಂದು ಲಿಂಗೈಕ್ಯರಾದರು.

ಹೊತ್ತಾಯಿತು, ಪ್ರಸಾದದ ಗಂಟೆಯೂ ಆಯಿತು. ಕಂಠಿಯವರ ಹೆಸರು ನಡುವೆ ಬಂತು, ಆ ಮೂರು ತಿಂಗಳ ಕಥೆಯನ್ನು ಬಿಟ್ಟೇಬಿಟ್ಟೆವು. ಅದನ್ನು ನಾಳೆ ಹೇಳುತ್ತೇವೆ.